ಖಾಲಿ ಸಾಗರದಲ್ಲಿ ಮೀನು ಹುಡುಕುವುದು: ಸ್ಯಾನ್ ಡಿಯಾಗೋದ ಟ್ಯೂನಾ, ಯೆಲ್ಲೋಟೇಲ್ ಮತ್ತು ನಾಲ್ಕು ಜನರ ದೋಣಿ

ಕಡಲಿನ ತುಂಬ ಮೀನಿದೆ ಎಂಬುದು ದಡದಲ್ಲಿ ನಿಂತವರ ನಂಬಿಕೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಂದರಿನಿಂದ ನಲವತ್ತು ಐವತ್ತು ಮೈಲಿ ಹೊರಗೆ ಹೋಗಿ ಬರುವ ಸಣ್ಣ ದೋಣಿಯವರಿಗೆ ಗೊತ್ತಿರುವ ಸತ್ಯ ಬೇರೆ: ಆ ನೀರಿನ ಬಹುಪಾಲು ಖಾಲಿ. ಗಂಟೆಗಟ್ಟಲೆ ದೋಣಿ ಓಡಿಸಿದರೂ ಗಾಳಕ್ಕೆ ಏನೂ ತಾಗುವುದಿಲ್ಲ. ಆಮೇಲೆ ಯಾವುದೋ ಒಂದು ಜಾಗದಲ್ಲಿ ಮೀನಿನ ಹಿಂಡು ಮೇಲೆದ್ದು, ಹತ್ತು ಹದಿನೈದು ನಿಮಿಷ ದೋಣಿಯ ಸುತ್ತ ನೀರೆಲ್ಲ ಕದಡಿ, ಮತ್ತೆ ಮಾಯವಾಗುತ್ತದೆ. ಆ ನಿಮಿಷಗಳನ್ನು ಹುಡುಕಿಕೊಳ್ಳುವುದು, ಅವು ಸಿಕ್ಕಾಗ ಎಲ್ಲರ ಕೈಯೂ ಸಿದ್ಧವಾಗಿರುವುದು, ಈ ಯಾನದ ಇಡೀ ಕೆಲಸ ಇಷ್ಟೇ. ಮೀನನ್ನು ಎಳೆದು ತರುವ ತೋಳ್ಬಲಕ್ಕೆ ಇದರಲ್ಲಿ ಕೊನೆಯ ಸ್ಥಾನ.

ಸ್ಯಾನ್ ಡಿಯಾಗೋದಲ್ಲಿ ಇಪ್ಪತ್ತು ಮೂವತ್ತು ಜನರನ್ನು ಒಯ್ಯುವ ದೊಡ್ಡ ದೋಣಿಗಳಿವೆ. ಟಿಕೆಟ್ ಕೊಂಡು ಹತ್ತಿದರೆ ಉಳಿದದ್ದನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಆರು ಪ್ರಯಾಣಿಕರವರೆಗೆ ಒಯ್ಯಲು ಕೋಸ್ಟ್ ಗಾರ್ಡ್ ಪರವಾನಗಿ ಪಡೆದವರ ಬಾಡಿಗೆ ದೋಣಿಗಳಿವೆ, ಅವನ್ನು 'ಸಿಕ್ಸ್ ಪ್ಯಾಕ್' ಎಂದು ಕರೆಯುತ್ತಾರೆ. ನಾನು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಮೂರನೆಯ ಬಗೆಯನ್ನು: ಇಪ್ಪತ್ತೈದು ಅಡಿ ಆಸುಪಾಸಿನ ಸ್ವಂತ ಫೈಬರ್ ದೋಣಿ, ಮೂರು ನಾಲ್ಕು ಗೆಳೆಯರು. ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವ ತಾಂಡೇಲ ಮಾಡುವ ಕೆಲಸ, ಅಡುಗೆಯವನ ಕೆಲಸ, ಬಲೆ ಎಳೆಯುವವರ ಕೆಲಸ ಎಲ್ಲವೂ ಈ ನಾಲ್ವರ ನಡುವೆಯೇ ಹಂಚಿಹೋಗಬೇಕು. ಇದೇ ಅತ್ಯಂತ ಕಷ್ಟದ, ನನ್ನ ದೃಷ್ಟಿಯಲ್ಲಿ ಅತ್ಯಂತ ಸೊಗಸಿನ ಬಗೆಯೂ ಹೌದು.

ಮೊದಲು ಮೀನುಗಳ ಪರಿಚಯ. ಯೆಲ್ಲೋಟೇಲ್ ಟ್ಯೂನಾ ಅಲ್ಲ. ಅದು ಟ್ರೆವಲಿ ಎಂಬ ಬೇರೆಯೇ ಬಳಗದ ಮೀನು. ಬಾಲ ಹಳದಿ, ಮೈಯುದ್ದಕ್ಕೂ ಒಂದು ಹಳದಿ ಪಟ್ಟೆ, ತೂಕ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ಪೌಂಡ್, ಎಂದರೆ ಐದರಿಂದ ಹದಿನಾಲ್ಕು ಕಿಲೋ. ಹೆಸರಿನ ಗೊಂದಲಕ್ಕೆ ಕಾರಣ ಯೆಲ್ಲೋಫಿನ್ ಎಂಬ ಇನ್ನೊಂದು ಮೀನು. ಅದು ನಿಜವಾದ ಟ್ಯೂನಾ, ಬೆಚ್ಚಗಿನ ನೀರನ್ನು ಹಿಂಬಾಲಿಸಿಕೊಂಡು ಬೇಸಿಗೆಯ ಕೊನೆಗೆ ದಕ್ಷಿಣದಿಂದ ಬರುತ್ತದೆ. ಇವೆರಡರ ಜೊತೆಗೆ ಬ್ಲೂಫಿನ್ ಟ್ಯೂನಾ. ಇಪ್ಪತ್ತು ಪೌಂಡಿನ ಎಳೆಯ ಮೀನಿನಿಂದ ಇನ್ನೂರು ಪೌಂಡ್ ದಾಟಿದ ದೈತ್ಯನವರೆಗೆ ಎಲ್ಲ ಗಾತ್ರದವೂ ಇಲ್ಲಿ ಸಿಗುತ್ತವೆ. ಮಲ್ಪೆ, ಮಂಗಳೂರಿನ ಮಾರುಕಟ್ಟೆಯಲ್ಲಿ ಕೇದರ ಎಂಬ ಹೆಸರಿನಲ್ಲಿ ಕಾಣುವ ಸಣ್ಣ ಟ್ಯೂನಾಗಳೂ ಇದೇ ದೊಡ್ಡ ಕುಟುಂಬದವು.

ಬ್ಲೂಫಿನ್‌ನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಪೆಸಿಫಿಕ್ ಬ್ಲೂಫಿನ್ ಮೊಟ್ಟೆ ಇಡುವುದು ಜಪಾನಿನ ಸುತ್ತಲಿನ ಸಮುದ್ರಗಳಲ್ಲಿ. ಮರಿಗಳಲ್ಲಿ ಒಂದಷ್ಟು ಇಡೀ ಪೆಸಿಫಿಕ್ ಸಾಗರವನ್ನು ಈಜಿ ದಾಟಿ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋ ತೀರಕ್ಕೆ ಬರುತ್ತವೆ, ಕೆಲವು ವರ್ಷ ತಿಂದುಂಡು ಬೆಳೆದು ಮತ್ತೆ ಪಶ್ಚಿಮಕ್ಕೆ ಮರಳುತ್ತವೆ. ಈ ವಲಸೆಗೆ ಅನಿರೀಕ್ಷಿತವಾದ ಸಾಕ್ಷ್ಯ ಒದಗಿದ್ದು 2011ರಲ್ಲಿ. ಆ ಮಾರ್ಚ್‌ನಲ್ಲಿ ಫುಕುಶಿಮಾ ಅಣುಸ್ಥಾವರದಿಂದ ವಿಕಿರಣಶೀಲ ಸೀಸಿಯಂ ಸಮುದ್ರ ಸೇರಿತು. ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೋ ಬಳಿ ಹಿಡಿದ ಹದಿನೈದು ಬ್ಲೂಫಿನ್‌ಗಳ ಮಾಂಸದಲ್ಲಿ ಅದೇ ಸೀಸಿಯಂನ ಗುರುತು ಸಿಕ್ಕಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅದರ ಪ್ರಮಾಣ ಆಹಾರ ಸುರಕ್ಷತೆಯ ಮಿತಿಗಿಂತ ತುಂಬ ಕೆಳಗಿತ್ತು, ಆದರೆ ಮೀನು ಎಲ್ಲಿಂದ ಬಂದಿದೆ ಎಂದು ಹೇಳಲು ಧಾರಾಳವಾಗಿ ಸಾಕಾಗಿತ್ತು.

ಇಷ್ಟು ದೂರ ಈಜಬಲ್ಲ ಮೈಕಟ್ಟಿನ ಗುಟ್ಟು ರಕ್ತನಾಳಗಳ ಜೋಡಣೆಯಲ್ಲಿದೆ. ಟ್ಯೂನಾದ ಸ್ನಾಯುಗಳಿಂದ ಹೊರಡುವ ಬೆಚ್ಚಗಿನ ರಕ್ತವೂ ಕಿವಿರಿನಿಂದ ಬರುವ ತಣ್ಣನೆಯ ರಕ್ತವೂ ಅಕ್ಕಪಕ್ಕದ ಸೂಕ್ಷ್ಮ ನಾಳಗಳಲ್ಲಿ ಎದುರುಬದುರಾಗಿ ಹರಿಯುತ್ತವೆ. ಶಾಖ ನೀರಿಗೆ ಸೋರಿಹೋಗುವ ಮೊದಲೇ ಒಳಬರುವ ರಕ್ತಕ್ಕೆ ದಾಟಿಬಿಡುತ್ತದೆ. ಹಾಗಾಗಿ ಸುತ್ತಲಿನ ನೀರಿಗಿಂತ ಟ್ಯೂನಾದ ಸ್ನಾಯು ಬೆಚ್ಚಗಿರುತ್ತದೆ, ವೇಗವಾಗಿ ಕೆಲಸ ಮಾಡುತ್ತದೆ. ಬ್ಲೂಫಿನ್‌ನಲ್ಲಿ ಈ ವ್ಯವಸ್ಥೆ ಬಹಳ ಬಲವಾಗಿರುವುದರಿಂದ ಅದು ತಣ್ಣನೆಯ ಆಳಕ್ಕೂ ಇಳಿದು ಬೇಟೆಯಾಡಬಲ್ಲದು. ಯೆಲ್ಲೋಟೇಲ್‌ಗೆ ಈ ಸೌಲಭ್ಯವಿಲ್ಲ. ಅದರ ಜಾಣ್ಮೆ ಬೇರೆ ಥರದ್ದು, ಮುಂದೆ ಹೇಳುತ್ತೇನೆ.

ಹಾಗಾದರೆ ಖಾಲಿ ನೀರಿನಲ್ಲಿ ಮೀನು ಎಲ್ಲಿರುತ್ತದೆ? ಅಂಚುಗಳಲ್ಲಿ. ಉತ್ತರದಿಂದ ಹರಿದುಬರುವ ತಂಪಾದ ಕ್ಯಾಲಿಫೋರ್ನಿಯಾ ಪ್ರವಾಹ ಈ ತೀರದ ನೀರಿನ ಸ್ವಭಾವವನ್ನು ನಿರ್ಧರಿಸುತ್ತದೆ. ಗಾಳಿ ಮೇಲಿನ ನೀರನ್ನು ತಳ್ಳಿದಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲಕ್ಕೆ ಬರುತ್ತದೆ, ಅದರಲ್ಲಿ ಸೂಕ್ಷ್ಮ ಸಸ್ಯಗಳು ಹುಟ್ಟಿ ನೀರು ಹಸಿರಾಗುತ್ತದೆ, ಅದನ್ನು ನಂಬಿ ಆಂಚೊವಿ ಮತ್ತು ಸಾರ್ಡಿನ್‌ಗಳು, ಎಂದರೆ ನಮ್ಮ ಬೂತಾಯಿಯ ಸೋದರರು, ಸೇರುತ್ತವೆ. ಟ್ಯೂನಾ ಕಣ್ಣಿನಿಂದ ಬೇಟೆಯಾಡುವ ಮೀನು, ಅದಕ್ಕೆ ತಿಳಿಯಾದ ನೀಲಿ ನೀರು ಬೇಕು. ಹಸಿರು ನೀರೂ ನೀಲಿ ನೀರೂ ಸಂಧಿಸುವ ಗೆರೆಯಲ್ಲಿ ಊಟ ಒಂದು ಬದಿಗೆ, ಉಣ್ಣುವವರು ಇನ್ನೊಂದು ಬದಿಗೆ. ಈ ಗೆರೆ ಕೆಲವೊಮ್ಮೆ ಬರಿಗಣ್ಣಿಗೇ ಕಾಣುತ್ತದೆ. ಕಾಣದಿದ್ದಾಗ ಉಪಗ್ರಹ ನೆರವಿಗೆ ಬರುತ್ತದೆ: ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಕ್ಲೋರೊಫಿಲ್ ತೋರಿಸುವ ನಕ್ಷೆಗಳನ್ನು ಹಿಂದಿನ ರಾತ್ರಿ ಮೊಬೈಲಿನಲ್ಲೇ ನೋಡಬಹುದು. ಯೆಲ್ಲೋಫಿನ್ ಬೇಕಾದರೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ನೀರನ್ನು ಹುಡುಕುತ್ತಾರೆ. ಬ್ಲೂಫಿನ್ 16-17 ಡಿಗ್ರಿಯಲ್ಲೂ ಸಿಗುತ್ತದೆ. ಎಲ್ ನಿನೋ ಕಾಲದಲ್ಲಿ ಈ ಲೆಕ್ಕವೆಲ್ಲ ಉತ್ತರಕ್ಕೆ ಸರಿಯುತ್ತದೆ. 2015ರಲ್ಲಿ ಉಷ್ಣವಲಯದ ಮೀನುಗಳು ದಕ್ಷಿಣ ಕ್ಯಾಲಿಫೋರ್ನಿಯಾದ ತೀರಕ್ಕೆ ತಾವಾಗಿಯೇ ಬಂದಿದ್ದವು.

ಎರಡನೆಯ ಬಗೆಯ ಅಂಚು ನೀರಿನ ಕೆಳಗಿದೆ. ಸಮುದ್ರತಳದ ದಿಬ್ಬಗಳಿಗೆ ಪ್ರವಾಹ ಬಡಿದಾಗ ಆಳದ ನೀರು ಮೇಲೇಳುತ್ತದೆ, ಸಣ್ಣ ಮೀನು ಅಲ್ಲಿ ನಿಲ್ಲುತ್ತದೆ. ಸ್ಯಾನ್ ಡಿಯಾಗೋದವರು ಈ ದಿಬ್ಬಗಳನ್ನು 182, 302, 371 ಎಂದು ಸಂಖ್ಯೆಗಳಿಂದಲೇ ಕರೆಯುತ್ತಾರೆ. ನಕ್ಷೆಯಲ್ಲಿ ಆ ಜಾಗದ ಆಳವನ್ನು ಫ್ಯಾದಮ್‌ಗಳಲ್ಲಿ ಬರೆದದ್ದೇ ಹೆಸರಾಗಿ ಉಳಿದಿದೆ. ಒಂದು ಫ್ಯಾದಮ್ ಎಂದರೆ ಆರು ಅಡಿ, ಸುಮಾರಾಗಿ ನಮ್ಮ ಒಂದು ಮಾರು. ದೂರದ ಕೋರ್ಟೆಸ್ ದಿಬ್ಬದಲ್ಲಂತೂ ಬಿಷಪ್ ರಾಕ್ ಎಂಬ ಬಂಡೆ ನೀರಿನ ಮೇಲ್ಮೈಗೆ ಕೆಲವೇ ಅಡಿಗಳಷ್ಟು ಹತ್ತಿರ ಬರುತ್ತದೆ. 1985ರಲ್ಲಿ ಅಮೆರಿಕದ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಇದೇ ದಿಬ್ಬಕ್ಕೆ ತಾಗಿ ಹಾನಿಗೊಂಡಿತ್ತು. ಸಣ್ಣ ದೋಣಿಯವರು ಅಲ್ಲಿ ಅಲೆಗಳ ಮೇಲೆ ಒಂದು ಕಣ್ಣಿಟ್ಟೇ ಇರಬೇಕು.

ಮೂರನೆಯದು ತೇಲುವ ಅಂಚು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಈ ತೀರದ ಉದ್ದಕ್ಕೂ ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡುಗಳಿವೆ. ಅನುಕೂಲವಾದ ಸ್ಥಿತಿಯಲ್ಲಿ ದಿನಕ್ಕೆ ಎರಡು ಅಡಿಯವರೆಗೆ ಬೆಳೆಯುವ ಇದರ ಎಲೆಗಳ ಬುಡದಲ್ಲಿ ಗಾಳಿ ತುಂಬಿದ ಗುಳ್ಳೆಗಳಿರುತ್ತವೆ. ಬಿರುಗಾಳಿಗೆ ಬುಡ ಕಿತ್ತುಬಂದ ಕೆಲ್ಪ್ ಆ ಗುಳ್ಳೆಗಳ ಬಲದಿಂದ ಮುಳುಗದೆ, ಚಾಪೆಯಾಗಿ ಹೆಣೆದುಕೊಂಡು ವಾರಗಟ್ಟಲೆ ತೇಲುತ್ತ ಹೊರಸಮುದ್ರಕ್ಕೆ ಹೋಗುತ್ತದೆ. ಇದನ್ನು 'ಕೆಲ್ಪ್ ಪ್ಯಾಡಿ' ಎನ್ನುತ್ತಾರೆ. ಒಂದು ಮೇಜಿನಷ್ಟೇ ಅಗಲವಿದ್ದರೂ ಸಾಕು, ಕೆಳಗೆ ಮರಿಮೀನುಗಳು ಅಡಗುತ್ತವೆ, ಅವನ್ನು ಕಾದು ಯೆಲ್ಲೋಟೇಲ್ ನಿಲ್ಲುತ್ತದೆ, ಇನ್ನಷ್ಟು ಆಳದಲ್ಲಿ ಕೆಲವೊಮ್ಮೆ ಟ್ಯೂನಾ ಇರುತ್ತದೆ. ಕರ್ನಾಟಕ ಕರಾವಳಿಯಲ್ಲಿ ತೆಂಗಿನ ಗರಿ, ಗೊನೆದಿಂಡು ಕಟ್ಟಿ ನೀರಿಗಿಳಿಸಿ, ಮೊಟ್ಟೆಯಿಡಲು ಬರುವ ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಎಂಬ ಕಡಲಜೀವಿಯನ್ನು ಹಿಡಿಯುವ ಪದ್ಧತಿ ಇದೆ, ಅದರ ಬಗ್ಗೆ ಜಗಳಗಳೂ ಇವೆ. ಕೆಲ್ಪ್ ಪ್ಯಾಡಿಯನ್ನು ಯಾರೂ ಇಳಿಸಿದ್ದಲ್ಲ. ಅದು ಎಲ್ಲಿದೆ ಎಂದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ, ಕಂಡವರದ್ದು.

ಹೊರಡುವ ಹಿಂದಿನ ದಿನ ತೀರ್ಮಾನವಾಗಬೇಕಾದದ್ದು ಹವಾಮಾನ ಮತ್ತು ಇಂಧನ. ಸಮುದ್ರದಲ್ಲಿ ನಿಲ್ಲಿಸಿರುವ ಬೂಯಿಗಳೆಂಬ ತೇಲುವ ಮಾಪಕಗಳು ಅಲೆಯ ಎತ್ತರವನ್ನು ಮಾತ್ರವಲ್ಲ, ಎರಡು ಅಲೆಗಳ ನಡುವಿನ ಅಂತರವನ್ನೂ ತಿಳಿಸುತ್ತವೆ. ಹೊಸಬರು ಎತ್ತರ ನೋಡಿ ನಿರ್ಧರಿಸುತ್ತಾರೆ, ಪಳಗಿದವರು ಅಂತರ ನೋಡುತ್ತಾರೆ. ನಾಲ್ಕು ಅಡಿಯ ಅಲೆ ಹದಿನೈದು ಸೆಕೆಂಡಿಗೊಮ್ಮೆ ಬಂದರೆ ದೋಣಿ ಮೆಲ್ಲಗೆ ಏರಿಳಿಯುತ್ತದೆ. ಅದೇ ನಾಲ್ಕು ಅಡಿ ಐದು ಸೆಕೆಂಡಿಗೊಮ್ಮೆ ಬಂದರೆ ಬೆನ್ನುಮೂಳೆ ನಲುಗುತ್ತದೆ, ಒಬ್ಬರೂ ನಿಂತು ಕೆಲಸ ಮಾಡಲಾರರು. ಬೆಳಿಗ್ಗೆ ಶಾಂತವಾಗಿರುವ ನೀರಿನ ಮೇಲೆ ಮಧ್ಯಾಹ್ನ ವಾಯವ್ಯದ ಗಾಳಿ ಏಳುವುದು ಇಲ್ಲಿ ಸಾಮಾನ್ಯ. ಇಂಧನಕ್ಕೆ ಹಳೆಯ ಲೆಕ್ಕ ಒಂದಿದೆ: ಮೂರರಲ್ಲಿ ಒಂದು ಪಾಲು ಹೋಗಲು ಮತ್ತು ಹುಡುಕಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೇ ಇಡಲು. ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಯ 16ನೇ ಚಾನೆಲ್ ತೆರೆದಿರಬೇಕು, ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಉಪಕರಣ ದೋಣಿಯಲ್ಲಿರಬೇಕು, ಎಲ್ಲಿಗೆ ಹೋಗಿದ್ದೇವೆ, ಯಾವಾಗ ಬರುತ್ತೇವೆ ಎಂದು ದಡದಲ್ಲಿ ಒಬ್ಬರಿಗೆ ತಿಳಿದಿರಬೇಕು. ಸ್ಯಾನ್ ಕ್ಲೆಮೆಂಟೆ ದ್ವೀಪದ ಕಡೆ ಹೋಗುವವರು ಇನ್ನೊಂದನ್ನು ನೋಡಬೇಕು: ಆ ದ್ವೀಪ ಅಮೆರಿಕದ ನೌಕಾಪಡೆಯದು, ತಾಲೀಮು ನಡೆಯುವಾಗ ಸುತ್ತಲಿನ ನೀರನ್ನು ಮುಚ್ಚುತ್ತಾರೆ.

ನಸುಕಿನಲ್ಲಿ ಬಂದರು ಬಿಡುವ ಮೊದಲು ದೋಣಿ ನಿಲ್ಲುವುದು ಎರೆಯ ಕಟ್ಟೆಯ ಬಳಿ. ಬಂದರಿನೊಳಗೆ ತೇಲುವ ಪಂಜರಗಳಲ್ಲಿ ಜೀವಂತ ಸಾರ್ಡಿನ್, ಆಂಚೊವಿ ಇಟ್ಟು ದೊಡ್ಡ ಬಲೆತೊಟ್ಟಿಯಲ್ಲಿ ಮೊಗೆದು ಮಾರುತ್ತಾರೆ. ಇಡೀ ದಿನದ ಫಲ ಈ ಎರೆಯ ಆರೋಗ್ಯದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ದೋಣಿಯ ಎರೆತೊಟ್ಟಿ ದುಂಡಗಿರುವುದು ಮೂಲೆಗೆ ಮೂತಿ ತಾಗಿಸಿಕೊಂಡು ಮೀನು ಗಾಯವಾಗದಿರಲೆಂದು. ಪಂಪು ನಿಲ್ಲದೆ ಹೊಸ ನೀರು ತರುತ್ತಿರಬೇಕು. ಆಗ ತಾನೇ ಹಿಡಿದ ಎರೆಗಿಂತ ಕೆಲವು ದಿನ ಪಂಜರದಲ್ಲಿದ್ದು ಗಟ್ಟಿಯಾದ ಎರೆ ಹೆಚ್ಚು ಬಾಳುತ್ತದೆ. ಕೈಯಲ್ಲಿ ಹಿಚುಕಿದರೆ ಹುರುಪೆ ಉದುರುತ್ತದೆ, ಹುರುಪೆ ಉದುರಿದ ಸಾರ್ಡಿನ್ ಗಾಳಕ್ಕೆ ಸಿಕ್ಕಿಸಿದ ಮೇಲೆ ಓಡುವುದಿಲ್ಲ, ಓಡದ ಎರೆಯನ್ನು ಟ್ಯೂನಾ ಮೂಸಿಯೂ ನೋಡುವುದಿಲ್ಲ. ನಾಲ್ವರಲ್ಲಿ ಒಬ್ಬರು ಎರೆತೊಟ್ಟಿಗೇ ಜವಾಬ್ದಾರರಾಗಿರಬೇಕು, ಸತ್ತದ್ದನ್ನು ಆಗಾಗ ತೆಗೆಯುತ್ತಿರಬೇಕು.

ಇನ್ನು ಹುಡುಕಾಟ. ಒಬ್ಬರು ಚುಕ್ಕಾಣಿಯಲ್ಲಿ, ಇಬ್ಬರು ದುರ್ಬೀನು ಹಿಡಿದು ಎಡಬಲದಲ್ಲಿ. ನೋಡಬೇಕಾದದ್ದು ಹಕ್ಕಿಗಳನ್ನು: ಸುಮ್ಮನೆ ತೇಲುವ ಹಕ್ಕಿಗೆ ಬೆಲೆಯಿಲ್ಲ, ಒಂದೇ ಕಡೆ ಸುತ್ತುತ್ತ ನೀರಿಗೆ ಧುಮುಕುವ ಟರ್ನ್ ಹಕ್ಕಿಗಳಿಗೆ ಬೆಲೆಯಿದೆ. ಡಾಲ್ಫಿನ್ ಹಿಂಡಿನ ಕೆಳಗೆ ಯೆಲ್ಲೋಫಿನ್ ಈಜುವುದುಂಟು. ನುಣ್ಣಗಿನ ನೀರಿನಲ್ಲಿ ಒಂದು ತುಂಡು ಜಾಗ ಮಾತ್ರ ನಡುಗುತ್ತಿದ್ದರೆ ಅದರಡಿ ಬ್ಲೂಫಿನ್ ಇರಬಹುದು. ಹೀಗೆ ನೋಡುತ್ತ ಹೋಗುವಾಗಲೇ ಆರರಿಂದ ಎಂಟು ನಾಟ್ ವೇಗದಲ್ಲಿ ಹಿಂದೆ ಕೃತಕ ಎರೆಗಳನ್ನು ಎಳೆಯಬಹುದು. ಮರದ ತುಂಡಿಗೆ ಸೀಸದ ಮೂತಿ ಕೂಡಿಸಿದ 'ಸೀಡರ್ ಪ್ಲಗ್' ಎಂಬ ಸರಳ ವಸ್ತು ಇಂದಿಗೂ ದುಬಾರಿ ಆಟಿಕೆಗಳಿಗೆ ಸಮನಾಗಿ ನಿಲ್ಲುತ್ತದೆ. ಸೋನಾರ್ ಪರದೆ ದೋಣಿಯ ಕೆಳಗಿನದನ್ನು ತೋರಿಸುತ್ತದೆ, ಆದರೆ ಸಣ್ಣ ದೋಣಿಯ ನಿಜವಾದ ಉಪಕರಣ ಆಯಾಸಪಡದ ಕಣ್ಣು. ಅದಕ್ಕೇ ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿಕೊಳ್ಳುವುದು ಒಳ್ಳೆಯದು. ಮೂರು ಗಂಟೆ ಏನೂ ಕಾಣದಿದ್ದಾಗ ಎಲ್ಲರೂ ಕುಳಿತು ಮೊಬೈಲ್ ತೆಗೆಯುತ್ತಾರೆ, ಪ್ಯಾಡಿ ಹಾದುಹೋಗುವುದು ಆಗಲೇ.

ಪ್ಯಾಡಿ ಕಂಡಿತು ಎನ್ನಿ. ಅದರ ಮೇಲೆ ದೋಣಿ ಓಡಿಸಬಾರದು. ಗಾಳಿಯ ದಿಕ್ಕು ನೋಡಿ, ಅದು ಬೀಸಿಬರುವ ಕಡೆಯಿಂದ ನಿಧಾನವಾಗಿ ಬಂದು, ಎಂಜಿನ್ ತಗ್ಗಿಸಿ, ದೋಣಿ ತಾನಾಗಿ ಪ್ಯಾಡಿಯ ಪಕ್ಕ ತೇಲಿಹೋಗುವಂತೆ ಬಿಡಬೇಕು. ಒಬ್ಬರು ಐದಾರು ಸಾರ್ಡಿನ್ ಎಸೆಯುತ್ತಾರೆ. ಉಳಿದವರು ತೂಕದ ಗುಂಡು ಕಟ್ಟದೆ, ಬರಿಯ ಗಾಳಕ್ಕೆ ಮೂಗಿನಲ್ಲಿ ಸಿಕ್ಕಿಸಿದ ಎರೆಯನ್ನು ಬಿಟ್ಟು, ರೀಲ್ ತೆರೆದಿಟ್ಟು ದಾರ ಹರಿಯಗೊಡುತ್ತಾರೆ. ಎರೆ ಸಹಜವಾಗಿ ಓಡಬೇಕು. ಮೀನು ಕಚ್ಚಿದಾಗ ದಾರ ಸರಸರ ಹೋಗುತ್ತದೆ, ಆಗ ಮನಸ್ಸಿನಲ್ಲಿ ಮೂರೋ ನಾಲ್ಕೋ ಎಣಿಸಿ ರೀಲ್ ಮುಚ್ಚಿದರೆ ದುಂಡು ಗಾಳ ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ. ಗಾಳವನ್ನು ಜಗ್ಗಿ ಎಳೆಯುವ ಅಭ್ಯಾಸ ಇದ್ದವರಿಗೆ ಈ ಸಂಯಮ ಕಷ್ಟ.

ಇಲ್ಲಿ ಎರಡು ಮೀನುಗಳ ಸ್ವಭಾವ ಬೇರೆಯಾಗುತ್ತದೆ. ಗಾಳ ತಾಗಿದ ಯೆಲ್ಲೋಟೇಲ್ ಆಸರೆ ಹುಡುಕುತ್ತದೆ: ಕೆಲ್ಪ್‌ನ ಒಳಕ್ಕೆ, ಬಂಡೆಯ ಸಂದಿಗೆ ನುಗ್ಗಿ ದಾರ ಕತ್ತರಿಸಿಕೊಂಡು ಹೋಗುತ್ತದೆ. ಅದನ್ನು ಮೊದಲ ಕ್ಷಣದಲ್ಲೇ ತಡೆಯಬೇಕು, ಬಿಗಿಯಾಗಿ ಹಿಡಿಯಬೇಕು. ಟ್ಯೂನಾಕ್ಕೆ ಅಡಗುವ ಬುದ್ಧಿಯಿಲ್ಲ, ಅದು ಬಯಲಿಗೆ ಓಡುತ್ತದೆ. ಅದರ ಮೊದಲ ಓಟವನ್ನು ತಡೆಯಲು ಹೋದರೆ ದಾರ ತುಂಡಾಗುತ್ತದೆ, ಬಿಡಬೇಕು. ಕೊನೆಗೆ ಅದು ದೋಣಿಯ ಕೆಳಗೆ ವೃತ್ತಾಕಾರವಾಗಿ ಸುತ್ತತೊಡಗುತ್ತದೆ. ಸುತ್ತಿನಲ್ಲಿ ಮೀನು ನಮ್ಮ ಕಡೆ ಬರುವಾಗ ದಾರ ಸುತ್ತಿಕೊಳ್ಳುವುದು, ದೂರ ಹೋಗುವಾಗ ಸುಮ್ಮನೆ ಹಿಡಿದಿರುವುದು. ಒಂದೇ ದಿನ, ಒಂದೇ ದಾರದಲ್ಲಿ ಇವೆರಡೂ ಸಿಗುವುದರಿಂದ ಕಚ್ಚಿದ್ದು ಯಾವುದು ಎಂದು ಮೊದಲ ಹತ್ತು ಸೆಕೆಂಡಿನಲ್ಲಿ ಗುರುತಿಸುವುದೇ ಅನುಭವ.

ಒಬ್ಬರಿಗೆ ಮೀನು ಸಿಕ್ಕಾಗ ಉಳಿದವರು ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಎಲ್ಲರೂ ಅವನನ್ನೇ ನೋಡುತ್ತ ನಿಂತರೆ ಹಿಂಡು ಹೊರಟುಹೋಗುತ್ತದೆ. ಒಬ್ಬರು ಎರಡು ಮೂರರಂತೆ ಎರೆ ಎಸೆಯುತ್ತಲೇ ಇರಬೇಕು, ಇನ್ನೊಬ್ಬರು ತಕ್ಷಣ ಹೊಸ ಎರೆ ನೀರಿಗೆ ಬಿಡಬೇಕು, ಏಕೆಂದರೆ ಜೊತೆಯವು ಗಾಳಕ್ಕೆ ಸಿಕ್ಕ ಮೀನಿನ ಹಿಂದೆಯೇ ಬರುತ್ತವೆ. ಮೀನು ಹಿಡಿದವನು ತನ್ನ ಮೀನು ಹೋದ ಕಡೆ ದೋಣಿಯ ಅಂಚಿನುದ್ದಕ್ಕೂ ನಡೆಯಬೇಕು, ಉಳಿದವರ ದಾರದ ಮೇಲೋ ಕೆಳಗೋ ದಾಟಬೇಕು. ಮೀನು ಹತ್ತಿರ ಬಂದಾಗ ಉದ್ದ ಹಿಡಿಯ ಕೊಕ್ಕೆ ಹಿಡಿದವರು ಒಂದೇ ಏಟಿಗೆ ತಲೆಗೆ ಹಾಕಬೇಕು. ಮೈಗೆ ಹಾಕಿದರೆ ಮಾಂಸ ಹಾಳು. ಮೆಕ್ಸಿಕೋದ ಕೊರೊನಾಡೋ ದ್ವೀಪಗಳ ಬಳಿಯಾದರೆ ಕಡಲಸಿಂಹಗಳ ಜೊತೆಗೂ ಸ್ಪರ್ಧೆ. ಅವು ದಾರದ ತುದಿಯ ಯೆಲ್ಲೋಟೇಲನ್ನು ಕಚ್ಚಿಕೊಂಡು ಹೋಗುತ್ತವೆ. ಕಾನೂನು ಅವಕ್ಕೆ ರಕ್ಷಣೆ ಕೊಟ್ಟಿದೆ, ಜಾಗ ಬದಲಿಸುವುದೊಂದೇ ದಾರಿ.

ಈ ಊರಿಗೆ ಇಂಥ ಒಗ್ಗಟ್ಟು ಹೊಸದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಜಗತ್ತಿನ ಟ್ಯೂನಾ ರಾಜಧಾನಿ ಎಂದು ಕರೆಸಿಕೊಂಡಿದ್ದ ಸ್ಯಾನ್ ಡಿಯಾಗೋದಲ್ಲಿ ಪೋರ್ಚುಗೀಸ್, ಇಟಾಲಿಯನ್, ಜಪಾನಿ ಮೂಲದ ಮೀನುಗಾರರು ಜೀವಂತ ಎರೆ ಎಸೆದು ಕೋಲುಗಾಳದಲ್ಲಿ ಟ್ಯೂನಾ ಹಿಡಿಯುತ್ತಿದ್ದರು. ಮೀನು ದೊಡ್ಡದಾದರೆ ಎರಡು, ಮೂರು, ನಾಲ್ಕು ಕೋಲುಗಳನ್ನು ಒಂದೇ ಗಾಳಕ್ಕೆ ಕಟ್ಟಿ, ಅಷ್ಟೂ ಜನ ಒಂದೇ ಉಸಿರಿನಲ್ಲಿ ಎತ್ತುತ್ತಿದ್ದರು. 1950ರ ದಶಕದ ಕೊನೆಯಿಂದ ದೊಡ್ಡ ಬಲೆಗಳು ಆ ಜಾಗವನ್ನು ಆಕ್ರಮಿಸಿದವು. ಮಂಗಳೂರಿನ ಹಳೆ ಬಂದರಿನಿಂದ ಸರಕು ಹೋಗುವ ಲಕ್ಷದ್ವೀಪದಲ್ಲಿ, ಮುಖ್ಯವಾಗಿ ಮಿನಿಕಾಯ್‌ನಲ್ಲಿ, ಜೀವಂತ ಎರೆಯ ಕೋಲುಗಾಳ ಇಂದಿಗೂ ಜೀವನೋಪಾಯವಾಗಿದೆ.

ದೊಡ್ಡ ಬ್ಲೂಫಿನ್ ಬೇಕಾದರೆ ಸಲಕರಣೆಯೇ ಬೇರೆ. ಮೂವತ್ತು ಪೌಂಡ್ ತಾಳುವ ದಾರ ಸಣ್ಣ ಟ್ಯೂನಾಕ್ಕೆ ಸಾಕು. ಇನ್ನೂರು ಪೌಂಡಿನದಕ್ಕೆ ನೂರರ ಮೇಲಿನ ದಾರ, ಎರಡು ಗೇರಿನ ರೀಲ್ ಬೇಕು. ರೀಲಿನ ಬಿಗಿತವನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಇಡುತ್ತಾರೆ. ಬ್ಲೂಫಿನ್‌ನ ಕಣ್ಣು ಎಷ್ಟು ಚುರುಕೆಂದರೆ ನೀರಿನಲ್ಲಿ ದಾರ ಕಂಡರೆ ಹತ್ತಿರ ಬರುವುದಿಲ್ಲ. ಹಾಗಾಗಿ ಗಾಳಿಪಟ ಹಾರಿಸಿ, ಅದರಿಂದ ಹಾರುಮೀನೊಂದನ್ನು ನೀರಿನ ಮೇಲ್ಮೈಯಲ್ಲಿ ಕುಣಿಯುವಂತೆ ಇಳಿಬಿಡುವ ಉಪಾಯ ಮಾಡಿದ್ದಾರೆ. ದಾರವೆಲ್ಲ ಗಾಳಿಯಲ್ಲಿ, ಎರೆ ಮಾತ್ರ ನೀರಿನಲ್ಲಿ. ರಾತ್ರಿಯಾದರೆ ಭಾರದ ಲೋಹದ ಎರೆಯನ್ನು ಸೋನಾರ್ ತೋರಿಸಿದ ಆಳಕ್ಕೆ ಇಳಿಸುತ್ತಾರೆ.

ಮೀನು ದೋಣಿಗೆ ಬಂದ ಮೇಲಿನ ಐದು ನಿಮಿಷವನ್ನು ಬಹಳಷ್ಟು ಜನ ಫೋಟೋಕ್ಕೆ ಕಳೆಯುತ್ತಾರೆ. ಇದು ನನಗೆ ಸಂಕಟ ತರುವ ವಿಷಯ. ಟ್ಯೂನಾದ ಮೈ ಮೊದಲೇ ಬೆಚ್ಚಗೆ, ಹೋರಾಟದಲ್ಲಿ ಇನ್ನಷ್ಟು ಕಾದಿರುತ್ತದೆ. ಅದನ್ನು ತಕ್ಷಣ ಮಿದುಳಿಗೆ ಚುಚ್ಚಿ ಕೊಂದು, ಕಿವಿರು ಕತ್ತರಿಸಿ ರಕ್ತ ಹರಿಸಿ, ಉಪ್ಪುನೀರು ಮತ್ತು ಐಸ್ ಕಲಸಿದ ತೊಟ್ಟಿಗೆ ಇಳಿಸಬೇಕು. ಬರಿಯ ಐಸ್ ಗಡ್ಡೆಗಿಂತ ಈ ಕಲಸು ನೀರು ಮೈಯ ಎಲ್ಲ ಕಡೆಗೂ ತಾಗಿ ಬೇಗ ತಂಪು ಮಾಡುತ್ತದೆ. ರುಚಿಯಷ್ಟೇ ಪ್ರಶ್ನೆಯಲ್ಲ. ಟ್ಯೂನಾ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಬಿಸಿಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ, ತಿಂದವರ ಮುಖ ಕೆಂಪೇರಿ ತಲೆನೋವು, ವಾಂತಿ ಶುರುವಾಗುತ್ತದೆ. ಎಷ್ಟು ಬೇಯಿಸಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ಯೆಲ್ಲೋಟೇಲ್‌ಗೂ ಇದೇ ಎಚ್ಚರ ಬೇಕು. ನಾಲ್ಕು ಜನರ ದೋಣಿಯಲ್ಲಿ ಐಸ್‌ಗೆ ಜಾಗವಿಲ್ಲದಷ್ಟು ಮೀನು ಹಿಡಿಯುವುದು ತಪ್ಪು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಕಾನೂನೂ ಒಂದು ಮಿತಿ ಹಾಕಿದೆ. ಪೆಸಿಫಿಕ್ ಬ್ಲೂಫಿನ್‌ನ ಸಂತಾನೋತ್ಪತ್ತಿ ಬಳಗ ಒಂದು ಹಂತದಲ್ಲಿ ಮೀನುಗಾರಿಕೆಯೇ ಇಲ್ಲದಿದ್ದರೆ ಇರಬಹುದಾಗಿದ್ದ ಪ್ರಮಾಣದ ಸುಮಾರು ಶೇಕಡಾ 2ಕ್ಕೆ ಕುಸಿದಿತ್ತು. 2015ರಲ್ಲಿ ಅಮೆರಿಕ ಒಬ್ಬರಿಗೆ ದಿನಕ್ಕೆ ಹತ್ತು ಬ್ಲೂಫಿನ್ ಇದ್ದ ಮಿತಿಯನ್ನು ಎರಡಕ್ಕೆ ಇಳಿಸಿತು. ಬಹುದಿನದ ಯಾನದಲ್ಲೂ ಆರಕ್ಕಿಂತ ಹೆಚ್ಚಿಲ್ಲ. ಸಾಗರದ ಎರಡೂ ಬದಿಯ ದೇಶಗಳು ವಾಣಿಜ್ಯ ಮೀನುಗಾರಿಕೆಯ ಪ್ರಮಾಣವನ್ನೂ ಕಡಿತಗೊಳಿಸಿದವು. 2024ರ ಅಂದಾಜಿನಲ್ಲಿ ಆ ಬಳಗ ಶೇಕಡಾ 20ರ ಗುರಿಯನ್ನು ನಿಗದಿತ ಕಾಲಕ್ಕಿಂತ ಬಹಳ ಮೊದಲೇ ದಾಟಿದೆ ಎಂದು ತಿಳಿದುಬಂತು. ಇವತ್ತು ಸ್ಯಾನ್ ಡಿಯಾಗೋ ಎದುರು ದೊಡ್ಡ ಬ್ಲೂಫಿನ್ ಕಾಣುತ್ತಿರುವುದರ ಹಿಂದೆ ಈ ಸಂಯಮದ ಪಾಲೂ ಇದೆ ಎಂದು ನನ್ನ ನಂಬಿಕೆ. ದಕ್ಷಿಣದ ಹಲವು ದಿಬ್ಬಗಳೂ ಕೊರೊನಾಡೋ ದ್ವೀಪಗಳೂ ಮೆಕ್ಸಿಕೋದ ನೀರಿನಲ್ಲಿವೆ. ಅಲ್ಲಿ ಗಾಳ ಹಾಕಲು ಆ ದೇಶದ ಪರವಾನಗಿ, ಪ್ರವೇಶ ಪತ್ರ ಬೇರೆಯೇ ಬೇಕು, ಮಿತಿಗಳೂ ಬೇರೆ. ಹೊರಡುವ ಮುನ್ನ ಆ ವರ್ಷದ ನಿಯಮ ಓದಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಅಡುಗೆ. ನಮ್ಮ ಕೈ ಸಹಜವಾಗಿ ಮಸಾಲೆಯ ಡಬ್ಬಿಗೆ ಹೋಗುತ್ತದೆ. ಯೆಲ್ಲೋಟೇಲ್ ಅದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ: ಮೆಣಸಿನ ಪುಡಿ, ಹುಣಸೆಹುಳಿ ಸವರಿ ಕಾವಲಿಯಲ್ಲಿ ಹುರಿದರೆ ಮೇಲೆ ಗರಿಗರಿ, ಒಳಗೆ ರಸ. ಅದರ ಕಿವಿರಿನ ಹಿಂದಿನ ಕೊರಳಭಾಗವನ್ನು ಎಸೆಯಬೇಡಿ, ಕೆಂಡದ ಮೇಲೆ ಸುಟ್ಟರೆ ಇಡೀ ಮೀನಿನಲ್ಲೇ ಅದು ಶ್ರೇಷ್ಠ. ಬ್ಲೂಫಿನ್ ಮಾತ್ರ ಬೇರೆ. ಅದನ್ನು ಸಾರಿನಲ್ಲಿ ಕುದಿಸಿದರೆ ಒಣಗಿ ನಾರಾಗುತ್ತದೆ. ಕಾದ ಕಾವಲಿಯ ಮೇಲೆ ಎರಡೂ ಬದಿ ಒಂದೊಂದು ನಿಮಿಷ, ಉಪ್ಪು, ಮೇಲೆ ನಿಂಬೆರಸ, ಅಷ್ಟು ಸಾಕು.